ನದಿಯಿಲ್ಲದ ನಾಡಿನಿಂದ ಕಾವೇರಿಗೊಂದು ಮಾತು

ಬಹರೈನಿನ ಹಳೆಯ ತಲೆಮಾರಿನವರ ಬಾಯಲ್ಲಿ ಒಂದು ಗಾದೆಯಿದೆ: ಅಧಾರಿ ದೂರದವರಿಗೆ ನೀರುಣಿಸುತ್ತದೆ, ಹತ್ತಿರದವರನ್ನು ಮರೆಯುತ್ತದೆ. ಅಧಾರಿ ಎಂಬುದು ಮನಾಮಾದ ಹೊರವಲಯದಲ್ಲಿ ಒಂದು ಕಾಲಕ್ಕೆ ಉಕ್ಕಿ ಹರಿಯುತ್ತಿದ್ದ ಸಿಹಿನೀರಿನ ಬುಗ್ಗೆ. ಅದರ ನೀರು ಕಾಲುವೆಯಲ್ಲಿ ಸಾಗಿ ದೂರದ ಖರ್ಜೂರದ ತೋಟಗಳನ್ನು ತಲುಪುತ್ತಿತ್ತು. ಪಕ್ಕದ ನೆಲ ಮಾತ್ರ ಒಣಗಿರುತ್ತಿತ್ತು. ಮನೆಯವರನ್ನು ಕಡೆಗಣಿಸಿ ಹೊರಗಿನವರಿಗೆ ಉಪಕಾರ ಮಾಡುವವರನ್ನು ಕುರಿತು ಇಲ್ಲಿಯವರು ಈ ಗಾದೆಯನ್ನು ಬಳಸುತ್ತಾರೆ. ಇಲ್ಲಿ ದುಡಿದು ಊರನ್ನು ಪೊರೆಯುವ ನಮ್ಮಂಥವರಿಗೆ ಅದು ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. ಇಂದು ಅಧಾರಿಯ ಹೆಸರಿನಲ್ಲಿ ಒಂದು ಮನರಂಜನಾ ಉದ್ಯಾನವಿದೆ. ಬುಗ್ಗೆ ಬತ್ತಿ ದಶಕಗಳೇ ಕಳೆದಿವೆ, ಗಾದೆ ಉಳಿದಿದೆ.

ನದಿಗಳ ವಿಷಯದಲ್ಲಿ ಮಾತನಾಡಲು ಬಹರೈನ್ ತಕ್ಕ ಸ್ಥಳವಲ್ಲ ಎಂದು ಯಾರಿಗಾದರೂ ಅನ್ನಿಸೀತು. ಇಲ್ಲಿ ಒಂದೇ ಒಂದು ನದಿಯಿಲ್ಲ. ವರ್ಷವಿಡೀ ಬೀಳುವ ಮಳೆಯನ್ನೆಲ್ಲ ಕೂಡಿದರೂ 80 ಮಿಲಿಮೀಟರಿನ ಆಸುಪಾಸು. ಕರಾವಳಿಯಲ್ಲಿ ಆಷಾಢದ ಒಂದೇ ದಿನ ಸುರಿಯಬಹುದಾದಷ್ಟು. ಆದರೂ ಈ ದ್ವೀಪದ ಕತೆಯೆಲ್ಲ ಸಿಹಿನೀರಿನ ಕತೆಯೇ. 'ಬಹರೈನ್' ಎಂದರೆ ಅರಬ್ಬಿಯಲ್ಲಿ ಎರಡು ಕಡಲು. ಒಂದು ಸುತ್ತಲಿನ ಉಪ್ಪುಕಡಲು, ಇನ್ನೊಂದು ನೆಲದಡಿಯ ಸಿಹಿನೀರಿನ ಕಡಲು ಎಂದು ಅದನ್ನು ವಿವರಿಸುವವರಿದ್ದಾರೆ. ಸುಮೇರಿಯನ್ನರ ಪುರಾಣದಲ್ಲಿ ಬರುವ ದಿಲ್ಮುನ್ ಈ ನೆಲವೇ ಎಂಬುದು ವಿದ್ವಾಂಸರ ಅಭಿಪ್ರಾಯ. ಅಲ್ಲಿ ಸಿಹಿನೀರನ್ನು ಉಕ್ಕಿಸಿದವನು ಎಂಕಿ ಎಂಬ ಜಲದೇವತೆ. 1954ರಲ್ಲಿ ಡೆನ್ಮಾರ್ಕಿನ ಪುರಾತತ್ತ್ವಜ್ಞರು ಅಗೆಯತೊಡಗಿದ ಬಾರ್ಬಾರ್ ದೇಗುಲದಲ್ಲಿ ಕಲ್ಲಿನ ಮೆಟ್ಟಿಲಿಳಿದು ಹೋಗುವ ನೀರಿನ ಕೊಳವಿದೆ. ಮುತ್ತು ತೆಗೆಯುವ ಮುಳುಗುಗಾರರು ಕಡಲ ತಳದಲ್ಲಿ ಉಕ್ಕುವ ಸಿಹಿನೀರನ್ನು ಚರ್ಮದ ಚೀಲಗಳಲ್ಲಿ ಹಿಡಿದು ಮೇಲೆ ತರುತ್ತಿದ್ದರಂತೆ. ಉಪ್ಪಿನ ನಡುವೆ ಸಿಹಿಯನ್ನು ಹುಡುಕಿ ಬಾಳಿದ ಜನ ಇವರು.

ಆ ಸಿಹಿನೀರು ಈ ದ್ವೀಪದ ಮಳೆಯಿಂದ ಬಂದದ್ದಲ್ಲ. ಸಾವಿರಾರು ವರ್ಷಗಳ ಹಿಂದೆ ಅರಬ್ ಭೂಭಾಗದ ಒಳನಾಡಿನಲ್ಲಿ ಸುರಿದು, ಸುಣ್ಣಕಲ್ಲಿನ ಪದರಗಳೊಳಗೆ ಇಳಿದು, ಕಡಲಿನ ಅಡಿಯಲ್ಲೇ ಪೂರ್ವಕ್ಕೆ ಸಾಗಿ ಬಂದ ನೀರು ಅದು. ಭೂವಿಜ್ಞಾನಿಗಳು ಅದನ್ನು ದಮ್ಮಾಮ್ ಪದರದ ಅಂತರ್ಜಲವೆನ್ನುತ್ತಾರೆ. ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದ ಅಲ್ ಹಸಾ ಮತ್ತು ಕತೀಫ್ ಓಯಸಿಸ್‌ಗಳಿಗೂ ಬಹರೈನಿನ ಬುಗ್ಗೆಗಳಿಗೂ ಒಳಗೊಳಗೇ ನಂಟಿತ್ತು. ನಡುವೆ ಸಮುದ್ರವಿತ್ತು, ಆಮೇಲೆ ಗಡಿಯೂ ಬಂತು. ನೀರಿಗೆ ಎರಡೂ ತಿಳಿಯದು. ಹಾಗೆ ನೋಡಿದರೆ ಇದೂ ಒಂದು ನದಿಯೇ, ದಡ ಮಾತ್ರ ಕಾಣಿಸದು.

ಈ ಕಾಣದ ನದಿಯನ್ನು ಬತ್ತಿಸಿದ್ದು ಯಾವ ವೈರಿಯೂ ಅಲ್ಲ. 1925ರಲ್ಲಿ ನ್ಯೂಜಿಲೆಂಡಿನ ಮೇಜರ್ ಫ್ರಾಂಕ್ ಹೋಮ್ಸ್ ಇಲ್ಲಿ ಆಳದ ಕೊಳವೆಬಾವಿಗಳನ್ನು ಕೊರೆಸಿ ನೀರು ಚಿಮ್ಮಿಸಿದ. ಅದರಿಂದ ಸಂತುಷ್ಟನಾದ ಅರಸ ಅದೇ ವರ್ಷದ ಡಿಸೆಂಬರಿನಲ್ಲಿ ಅವನಿಗೆ ತೈಲ ಹುಡುಕುವ ಹಕ್ಕನ್ನು ಕೊಟ್ಟ. 1932ರಲ್ಲಿ ಎಣ್ಣೆ ಸಿಕ್ಕಿತು. ಎಣ್ಣೆಯಿಂದ ಬಂದ ಹಣ ಇನ್ನಷ್ಟು ಬಾವಿಗಳನ್ನು ಕೊರೆಸಿತು. ಪ್ರತಿಯೊಬ್ಬನೂ ತನ್ನ ತೋಟಕ್ಕೆ, ತನ್ನ ಮನೆಗೆ, ತನ್ನ ಕಾರ್ಖಾನೆಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡ. ಎಲ್ಲರೂ ಕೂಡಿ ತೆಗೆದುಕೊಂಡದ್ದು ಮಾತ್ರ ಒಳಗಿನಿಂದ ಹರಿದು ಬರುತ್ತಿದ್ದುದಕ್ಕಿಂತ ಹೆಚ್ಚಾಯಿತು. ಒತ್ತಡ ಕುಸಿದು ಬುಗ್ಗೆಗಳು ಒಂದೊಂದಾಗಿ ನಿಂತವು; ಬಾವಿಗಳೊಳಗೆ ಉಪ್ಪು ನುಗ್ಗಿತು. 1975ರಲ್ಲಿ ಸಿತ್ರಾದಲ್ಲಿ ಕಡಲ ನೀರನ್ನು ಸಿಹಿಗೊಳಿಸುವ ಸ್ಥಾವರ ಆರಂಭವಾಯಿತು. ಇಂದು ನಾವಿಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಬಹುಪಾಲು ಇಂಥ ಸ್ಥಾವರಗಳ ನೀರು. ಕೋಲಾರದಲ್ಲೋ ಚಿಕ್ಕಬಳ್ಳಾಪುರದಲ್ಲೋ ಕೊಳವೆಬಾವಿಯ ಆಳ ಸಾವಿರ ಅಡಿ ದಾಟಿದ್ದನ್ನು ಕಂಡವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ.

ಕಳೆದುಕೊಂಡ ಮೇಲೆ ಈ ನಾಡು ಮಾಡಿದ ಒಂದು ಕೆಲಸವನ್ನು ನಾವು ಗಮನಿಸಬೇಕು. ತನ್ನ ನೀರು ತನ್ನೊಬ್ಬನದಲ್ಲ ಎಂಬುದು ಅರ್ಥವಾದಾಗ ಅದು ನೆರೆಯವರೊಂದಿಗೆ ಕುಳಿತು ಕಲಿಯುವ ಏರ್ಪಾಡುಗಳಿಗೆ ಆಶ್ರಯ ಕೊಟ್ಟಿತು. ಕೊಲ್ಲಿ ರಾಷ್ಟ್ರಗಳೆಲ್ಲ ಸೇರಿ ಕಟ್ಟಿದ ಅರೇಬಿಯನ್ ಗಲ್ಫ್ ವಿಶ್ವವಿದ್ಯಾಲಯ ಇರುವುದು ಬಹರೈನಿನಲ್ಲಿ. ಅಲ್ಲಿ ಈ ದೇಶಗಳ ವಿದ್ಯಾರ್ಥಿಗಳು ಒಂದೇ ತರಗತಿಯಲ್ಲಿ ಕುಳಿತು ಜಲಸಂಪನ್ಮೂಲ ನಿರ್ವಹಣೆಯನ್ನು ಓದುತ್ತಾರೆ. 1987ರಲ್ಲಿ ಇಲ್ಲಿಯೇ ನೆಲೆಗೊಂಡ ಕೊಲ್ಲಿ ಪ್ರದೇಶದ ಜಲವಿಜ್ಞಾನ ಮತ್ತು ತಂತ್ರಜ್ಞಾನ ಸಂಘ 1992ರಿಂದ ಸದಸ್ಯ ದೇಶಗಳಲ್ಲಿ ಸರದಿಯ ಮೇಲೆ ಜಲ ಸಮ್ಮೇಳನಗಳನ್ನು ನಡೆಸುತ್ತ ಬಂದಿದೆ. 2013ರಲ್ಲಿ ವಿಶ್ವಸಂಸ್ಥೆಯ ಪಶ್ಚಿಮ ಏಷ್ಯಾ ಆಯೋಗವು ಜರ್ಮನಿಯ ಭೂವಿಜ್ಞಾನ ಸಂಸ್ಥೆಯ ಜತೆಗೂಡಿ ಈ ಭಾಗದ ಹಂಚಿಕೆಯ ನೀರಿನ ಮೂಲಗಳ ಸಮಗ್ರ ದಾಖಲೆಯನ್ನು ಹೊರತಂದಾಗ ಈ ಅಂತರ್ಜಲವೂ ಅದರೊಳಗೆ ಸೇರಿತು. ಬುಗ್ಗೆಗಳು ಇದರಿಂದ ಮರಳಿ ಬರಲಿಲ್ಲ. ಕಲಿಕೆ ತಡವಾಗಿ ಬಂತು, ನೀರು ಮೊದಲೇ ಹೋಗಿತ್ತು. ನನ್ನ ಮಾತೆಲ್ಲ ಈ ಒಂದು ಅನುಕ್ರಮವನ್ನು ಕುರಿತದ್ದು: ನಮ್ಮ ನದಿಗಳ ವಿಷಯದಲ್ಲಿ ಕಲಿಕೆ ಮೊದಲು ಬರಬೇಕು.

ಅದಕ್ಕೆ ಈಗೊಂದು ಅವಕಾಶ ಒದಗಿದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಜಲಶಕ್ತಿ ಸಚಿವಾಲಯವು ಆರು ನದಿಗಳ ಅಧ್ಯಯನಕ್ಕಾಗಿ ಹನ್ನೆರಡು ವಿದ್ಯಾಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಮಹಾನದಿ, ನರ್ಮದಾ, ಗೋದಾವರಿ, ಕೃಷ್ಣಾ, ಕಾವೇರಿ, ಪೆರಿಯಾರ್ ಈ ಆರು ನದಿಗಳು. ಪ್ರತಿ ನದಿಗೂ ಎರಡೆರಡು ಸಂಸ್ಥೆಗಳು. ನದಿಯ ಈಗಿನ ಸ್ಥಿತಿಯನ್ನು ಅಳೆದು ಮುಂದಿನ ನಿರ್ವಹಣೆಗೆ ಯೋಜನೆ ರೂಪಿಸುವುದು ಅವುಗಳ ಹೊಣೆ. ಗಂಗೆಗಾಗಿ 2010ರಿಂದ ಏಳು ಐಐಟಿಗಳು ಒಟ್ಟಾಗಿ ನಡೆಸಿದ ಅಧ್ಯಯನ ಇದಕ್ಕೆ ಮಾದರಿ. ಕಾವೇರಿಯನ್ನು ವಹಿಸಿಕೊಂಡಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ತಿರುಚಿರಾಪಳ್ಳಿಯ ಎನ್‌ಐಟಿ. ಕೃಷ್ಣೆಯನ್ನು ವಹಿಸಿಕೊಂಡಿರುವುದು ವಾರಂಗಲ್ ಮತ್ತು ಸುರತ್ಕಲ್‌ನ ಎನ್‌ಐಟಿಗಳು. ಈ ಜೋಡಿಗಳನ್ನು ಮತ್ತೊಮ್ಮೆ ಓದಿ ನೋಡಿ. ನ್ಯಾಯಾಲಯದಲ್ಲಿ ಎದುರುಬದುರು ನಿಂತ ಕರ್ನಾಟಕ ಮತ್ತು ತಮಿಳುನಾಡಿನ ನೆಲದ ಎರಡು ಸಂಸ್ಥೆಗಳು ಒಂದೇ ನದಿಯ ಮುಂದೆ ಪಕ್ಕಪಕ್ಕದಲ್ಲಿ ಕುಳಿತಿವೆ.

ಹೀಗೆ ಹಲವು ಜಲಾನಯನಗಳ ಸಂಶೋಧಕರು ಒಬ್ಬರಿಂದೊಬ್ಬರು ಕಲಿಯುವ ಪ್ರಯತ್ನ ಜಗತ್ತಿಗೆ ಹೊಸದೇನಲ್ಲ. 2002ರಿಂದ ಸುಮಾರು ಹನ್ನೆರಡು ವರ್ಷ ನಡೆದ ನೀರು ಮತ್ತು ಆಹಾರ ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಕಾರ್ಯಕ್ರಮವೊಂದು ತನ್ನ ಎರಡನೆಯ ಹಂತದಲ್ಲಿ ಗಂಗಾ, ನೈಲ್, ಮೆಕಾಂಗ್, ವೋಲ್ಟಾ, ಲಿಂಪೊಪೊ ಜಲಾನಯನಗಳನ್ನೂ ಆಂಡಿಸ್ ಪರ್ವತದ ನದಿಗಳನ್ನೂ ಆರಿಸಿಕೊಂಡಿತ್ತು. ನದಿಗೊಂದು ತಂಡವಿದ್ದುದಲ್ಲದೆ, ನದಿಗಳ ಗಡಿ ದಾಟಿ ವಿಷಯವಾರು ಕಲಿಕೆಯ ಗುಂಪುಗಳೂ ಅಲ್ಲಿದ್ದವು. ಮೆಕಾಂಗ್‌ನ ಅಣೆಕಟ್ಟುಗಳಿಂದ ಮೀನುಗಾರರಿಗೆ ಏನಾಯಿತೆಂಬುದನ್ನು ವೋಲ್ಟಾದವರು ಕೇಳಬೇಕು. ಆಂಡಿಸ್‌ನಲ್ಲಿ ಕೆಳಗಿನ ಊರಿನವರು ಮೇಲಿನ ಕಾಡು ಕಾಯುವವರಿಗೆ ಪ್ರತಿಫಲ ಕೊಡುವ ಬಗೆಯನ್ನು ನೈಲ್‌ನವರು ತಿಳಿಯಬೇಕು. ಅದರ ಹಿಂದಿನ ಆಲೋಚನೆ ಇಷ್ಟೇ: ತನ್ನ ನದಿಯನ್ನು ಮಾತ್ರ ಬಲ್ಲವನಿಗೆ ತನ್ನ ನದಿಯೂ ಪೂರ್ತಿ ತಿಳಿದಿರುವುದಿಲ್ಲ.

ನಮ್ಮಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಬೆಂಗಳೂರಿನ 'ಏಟ್ರೀ' ಸಂಸ್ಥೆಯ ಸಂಶೋಧಕರು ಅರ್ಕಾವತಿಯನ್ನೂ ತಮಿಳುನಾಡಿನ ನೊಯ್ಯಲ್ ನದಿಯನ್ನೂ ಒಂದೇ ಯೋಜನೆಯಡಿ ಅಧ್ಯಯನಕ್ಕೆ ಎತ್ತಿಕೊಂಡರು. ಎರಡೂ ಕಾವೇರಿಯ ಉಪನದಿಗಳು, ಎರಡೂ ಬೆಳೆಯುವ ನಗರಗಳ ಭಾರ ಹೊತ್ತವು. ಅರ್ಕಾವತಿಗೆ ಅಡ್ಡಲಾಗಿ 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ಒಂದು ಕಾಲಕ್ಕೆ ಬೆಂಗಳೂರಿನ ಬಾಯಾರಿಕೆ ನೀಗಿಸುತ್ತಿತ್ತು. ಬರಬರುತ್ತ ಅದಕ್ಕೆ ಬರುವ ನೀರೇ ಇಳಿದುಹೋಯಿತು. ಮಳೆ ಕಡಿಮೆಯಾಯಿತು, ಹವಾಮಾನ ಬದಲಾಯಿತು ಎಂದು ಎಲ್ಲರೂ ಹೇಳುತ್ತಿದ್ದರು. 2015ರಲ್ಲಿ ಪ್ರಕಟವಾದ ಅಧ್ಯಯನ ಒಂದೊಂದೇ ಕಾರಣವನ್ನು ತೂಗಿ ನೋಡಿ ಬೇರೆ ಮಾತು ಹೇಳಿತು: ಮಳೆಯಲ್ಲಾಗಲಿ ತಾಪಮಾನದಲ್ಲಾಗಲಿ ಆದ ಬದಲಾವಣೆ ಇದನ್ನು ವಿವರಿಸದು, ಮುಖ್ಯ ಕಾರಣಗಳು ಕೊಳವೆಬಾವಿಗಳಿಂದ ಎತ್ತುತ್ತಿರುವ ಅಂತರ್ಜಲ ಮತ್ತು ನೀಲಗಿರಿ ತೋಪುಗಳು. ಆಕಾಶದತ್ತ ತೋರಿಸುತ್ತಿದ್ದ ಬೆರಳು ನಮ್ಮ ಹೊಲದತ್ತ ತಿರುಗಿತು.

ನೊಯ್ಯಲ್‌ನ ಕತೆ ಬೇರೆ. ತಿರುಪ್ಪೂರಿನ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ತ್ಯಾಜ್ಯ ಆ ನದಿಯನ್ನು ತುಂಬಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ಬಣ್ಣದ ಕೊಳಕು ನಿಲ್ಲುವ ತೊಟ್ಟಿಯಾಯಿತು. ಕೆಳಗಿನ ರೈತರು ನ್ಯಾಯಾಲಯದ ಮೆಟ್ಟಿಲೇರಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು, ತ್ಯಾಜ್ಯನೀರನ್ನು ಒಂದಿಷ್ಟೂ ಹೊರಬಿಡದ ವ್ಯವಸ್ಥೆಯಾಗುವವರೆಗೆ ಘಟಕಗಳನ್ನು ಮುಚ್ಚಬೇಕೆಂದು ಆದೇಶಿಸಿತು. ಆ ಆದೇಶದಿಂದ ಅಲ್ಲಿ ಏನು ಸರಿಯಾಯಿತು, ಯಾರ ಕೆಲಸ ಹೋಯಿತು, ಯಾರ ಖರ್ಚು ಏರಿತು ಎಂಬುದೆಲ್ಲ ಬೆಂಗಳೂರಿನ ವೃಷಭಾವತಿಯ ಕೊಳಕು ಬೈರಮಂಗಲದ ಕೆರೆಗೆ ಇಳಿಯುವುದನ್ನು ನೋಡುತ್ತಿರುವ ನಮಗೆ ಬೇಕಾದ ಪಾಠವಲ್ಲವೇ? ಅಂತೆಯೇ ಅರ್ಕಾವತಿಯ ಕೊಳವೆಬಾವಿಗಳ ಪಾಠ ಕೊಯಮತ್ತೂರಿಗೂ ಬೇಕು. ಇಲ್ಲಿ ಎರಡು ರಾಜ್ಯಗಳ ನಡುವೆ ಕೈಬದಲಾಗುವುದು ಟಿಎಂಸಿ ಅಲ್ಲ, ಅನುಭವ. ಅದನ್ನು ಕೊಟ್ಟವನ ಜಲಾಶಯದ ಮಟ್ಟ ಇಳಿಯುವುದಿಲ್ಲ.

ಆದರೆ ಸಂಶೋಧಕರು ಮಾತ್ರ ಕಲಿತರೆ ಸಾಲದು ಎಂಬುದಕ್ಕೆ ಕಾವೇರಿಯಲ್ಲೇ ಸಾಕ್ಷಿಯಿದೆ. 2002ರ ಬರ ಮತ್ತು ಜಗಳದ ಬೆನ್ನಿಗೆ, 2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರೊಫೆಸರ್ ಎಸ್. ಜನಕರಾಜನ್ ಅವರ ಮುತುವರ್ಜಿಯಿಂದ ಎರಡೂ ರಾಜ್ಯಗಳ ರೈತರು ಒಂದೆಡೆ ಸೇರಿದರು. 'ಕಾವೇರಿ ಕುಟುಂಬ' ಎಂಬುದು ಆ ಗುಂಪಿನ ಹೆಸರು. ನಮ್ಮ ಕಡೆಯಿಂದ ರೈತ ನಾಯಕ ಕೆ. ಎಸ್. ಪುಟ್ಟಣ್ಣಯ್ಯ, ಆ ಕಡೆಯಿಂದ ಮನ್ನಾರ್‌ಗುಡಿಯ ಎಸ್. ರಂಗನಾಥನ್ ಮುಂತಾದವರು ಅದರಲ್ಲಿದ್ದರು. ಮಂಡ್ಯದವರು ತಂಜಾವೂರಿನ ಗದ್ದೆಗಳನ್ನು ನೋಡಿ ಬಂದರು, ತಂಜಾವೂರಿನವರು ಮಂಡ್ಯಕ್ಕೆ ಬಂದರು. ವರ್ಷಗಟ್ಟಲೆ ಮಾತುಕತೆ ನಡೆಯಿತು. ಎಲ್ಲರೂ ಒಪ್ಪುವ ಹಂಚಿಕೆಯ ಸೂತ್ರ ಅದರಿಂದ ಹೊರಬರಲಿಲ್ಲವೆಂಬುದು ನಿಜ. ಸರ್ಕಾರಗಳೂ ಅದನ್ನು ತಮ್ಮದೆಂದು ಅಪ್ಪಿಕೊಳ್ಳಲಿಲ್ಲ. ಪುಟ್ಟಣ್ಣಯ್ಯನವರು ತೀರಿಕೊಂಡದ್ದು 2018ರ ಫೆಬ್ರುವರಿ 18ರಂದು, ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂದ ಎರಡೇ ದಿನಗಳ ಮೇಲೆ. ಆ ಪ್ರಯತ್ನವನ್ನು ಸೋಲೆಂದು ಬರೆದು ಮುಚ್ಚಿಡುವುದು ಸುಲಭ. ನನಗೆ ಮಾತ್ರ ಅದು ಅರ್ಧಕ್ಕೆ ನಿಂತ ತರಗತಿಯಂತೆ ಕಾಣುತ್ತದೆ.

ಹಾಗೆ ಕಾಣುವುದಕ್ಕೆ ಇಲ್ಲಿ ಕಣ್ಣಾರೆ ಕಂಡ ಒಂದು ಸಂಗತಿ ಕಾರಣ. ನನ್ನ ಪರಿಚಯದ ಇಬ್ಬರು, ಒಬ್ಬರು ಮಳವಳ್ಳಿಯ ಕಡೆಯವರು, ಇನ್ನೊಬ್ಬರು ತಿರುವಾರೂರು ಜಿಲ್ಲೆಯವರು, ವರ್ಷಗಳಿಂದ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಪೆಟ್ರೋಲಿನ ಖರ್ಚು ಅರ್ಧರ್ಧ, ಶುಕ್ರವಾರದ ಊಟ ಒಮ್ಮೆ ಇವರ ಮನೆಯಲ್ಲಿ, ಒಮ್ಮೆ ಅವರ ಮನೆಯಲ್ಲಿ. 2023ರ ಸೆಪ್ಟೆಂಬರ್ ಬಂತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಗಿ ಬಂದ ವರ್ಷ ಅದು. 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಇಬ್ಬರ ಫೋನುಗಳಿಗೂ ಊರಿನಿಂದ ವಿಡಿಯೋಗಳು ಹರಿದುಬರತೊಡಗಿದವು. ಮೊದಲು ಕಾರಿನಲ್ಲಿ ಮಾತು ನಿಂತಿತು, ಆಮೇಲೆ ಕಾರೇ ಬೇರೆಯಾಯಿತು. ಒಂದೇ ಸ್ಥಾವರದ ನೀರು ಕುಡಿಯುವ ಇಬ್ಬರು, ಮೂರು ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿರುವ ನೀರಿಗಾಗಿ ಮುಖ ತಿರುಗಿಸಿದರು.

ತಿಂಗಳುಗಳಾದ ಮೇಲೆ ಅವರನ್ನು ಮತ್ತೆ ಒಂದು ಮೇಜಿಗೆ ತಂದದ್ದು ಯಾರ ಉಪದೇಶವೂ ಅಲ್ಲ, ಒಂದು ಮಗುವಿನ ಹುಟ್ಟುಹಬ್ಬ. ಊಟವಾದ ಮೇಲೆ ಮಳವಳ್ಳಿಯವರು ಯಾವ ಪೀಠಿಕೆಯೂ ಇಲ್ಲದೆ ಕೇಳಿದರು:

"ಅಲ್ಲಾ, ಜೂನ್ ತಿಂಗಳಲ್ಲೇ ನಿಮಗೆ ಅಷ್ಟೊಂದು ನೀರು ಯಾತಕ್ಕೆ?"

ತಿರುವಾರೂರಿನವರು ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ವಿವರಿಸಿದರು. ಮೆಟ್ಟೂರು ಅಣೆಕಟ್ಟನ್ನು ವಾಡಿಕೆಯಂತೆ ಜೂನ್ 12ಕ್ಕೆ ತೆರೆಯುತ್ತಾರೆ. ಅದನ್ನು ನಂಬಿ ಕುರುವೈ ಬಿತ್ತುತ್ತಾರೆ. ನಡುವೆ ನೀರು ನಿಂತರೆ ಬಿತ್ತಿದ ಖರ್ಚೂ ಹೋಯಿತು. ಆ ವರ್ಷವೂ ಅಣೆಕಟ್ಟು ಆ ದಿನವೇ ತೆರೆದಿತ್ತು. "ನಮ್ಮ ಊರು ಕಾಲುವೆಯ ಕೊನೆಯಲ್ಲಿದೆ, ಅಣ್ಣಾ. ಮೇಲಿನವರು ಬಿಟ್ಟರೆ ಮಾತ್ರ ನಮಗೆ" ಎಂದರು.

ಮಳವಳ್ಳಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮದೂ ಕೊನೆಯೇ ಕಣಪ್ಪಾ. ವಿಶ್ವೇಶ್ವರಯ್ಯ ನಾಲೆ ನಮ್ಮೂರಿಗೆ ಬರೋ ಹೊತ್ತಿಗೆ ಬರೀ ಹೆಸರಷ್ಟೇ ಉಳಿದಿರತ್ತೆ" ಎಂದರು.

ಮೂವತ್ತು ವರ್ಷ ತಮಿಳುನಾಡನ್ನು ಬೈಯುತ್ತ ಬಂದ ಮನೆ ಒಂದು, ಕರ್ನಾಟಕವನ್ನು ಬೈಯುತ್ತ ಬಂದ ಮನೆ ಇನ್ನೊಂದು. ಎರಡೂ ತಂತಮ್ಮ ರಾಜ್ಯದೊಳಗಿನ ಕಾಲುವೆಯ ಕಟ್ಟಕಡೆಯ ಗದ್ದೆಗಳವು. ಎರಡೂ ಮನೆಯವರಿಗೆ ಅದುವರೆಗೆ ಇನ್ನೊಬ್ಬರ ಬೆಳೆಯ ಹೆಸರು ಸಹ ತಿಳಿದಿರಲಿಲ್ಲ. ಆ ರಾತ್ರಿ ಕಾವೇರಿಯ ಸಮಸ್ಯೆ ಬಗೆಹರಿಯಿತೆಂದು ನಾನು ಹೇಳುತ್ತಿಲ್ಲ. ಇಬ್ಬರೂ ತಂತಮ್ಮ ಹಕ್ಕಿನಿಂದ ಒಂದಿಂಚೂ ಸರಿಯಲಿಲ್ಲ. ಆದರೆ ಭಾನುವಾರದಿಂದ ಕಾರು ಮತ್ತೆ ಒಂದಾಯಿತು.

ಇಲ್ಲೊಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಇದೆಲ್ಲ ಏತಕ್ಕೆ, ತೀರ್ಪು ಬಂದಾಗಿದೆಯಲ್ಲ ಎಂದು ಕೇಳುವವರಿದ್ದಾರೆ. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ಐತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7. ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದದ್ದು 177.25. ಉಸ್ತುವಾರಿಗೆ ಪ್ರಾಧಿಕಾರವೂ ಇದೆ. ಹಕ್ಕನ್ನು ನ್ಯಾಯಾಲಯದಲ್ಲಿ ಗಳಿಸಿಕೊಳ್ಳುವುದು ತಪ್ಪಲ್ಲ. ಆ ಹೋರಾಟವಿಲ್ಲದೆ ಬೆಂಗಳೂರಿನ ಕುಡಿಯುವ ನೀರಿಗೆ ಹೆಚ್ಚುವರಿ 4.75 ಟಿಎಂಸಿ ದೊರೆಯುತ್ತಿರಲಿಲ್ಲ. ಆದರೆ ಈ ಅಂಕಿಗಳೆಲ್ಲ ಸಾಮಾನ್ಯ ವರ್ಷದವು. ಮಳೆ ಕೈಕೊಟ್ಟ ವರ್ಷ ಇದ್ದುದರಲ್ಲೇ ಯಾರು ಎಷ್ಟು ಕಷ್ಟ ಹೊರಬೇಕೆಂಬ ಸಂಕಷ್ಟ ಸೂತ್ರಕ್ಕೆ ಬಂದಾಗ ಜಗಳ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. 2023 ತೋರಿಸಿದ್ದು ಅದನ್ನೇ. ತೀರ್ಪು ಪಾಲನ್ನು ಹೇಳಬಲ್ಲದು. ಕೊರತೆಯನ್ನು ನಂಬಿಕೆಯಿಂದ ಹಂಚಿಕೊಳ್ಳುವುದನ್ನು ಕಲಿಸಲಾರದು. ಆ ನಂಬಿಕೆ ಹುಟ್ಟಬೇಕಾದರೆ ಎರಡೂ ಕಡೆಯವರು ಒಂದೇ ಲೆಕ್ಕವನ್ನು ನೋಡಿರಬೇಕು, ಅದನ್ನು ಒಟ್ಟಿಗೆ ಕುಳಿತು ಮಾಡಿರಬೇಕು.

ಆದ್ದರಿಂದ ಕಾವೇರಿಯ ಎರಡು ಸಂಸ್ಥೆಗಳ ಈ ಹೊಸ ಕೂಟದಿಂದ ನಾವು ಕೇಳಬೇಕಾದ ಮೊದಲ ಸಂಗತಿ ಭಾಷೆಯದು. ಅಳತೆಯ ಫಲಿತಾಂಶಗಳು ಇಂಗ್ಲಿಷಿನ ದಪ್ಪ ವರದಿಯಾಗಿ ದೆಹಲಿಯ ಕಪಾಟು ಸೇರಿದರೆ ಪ್ರಯೋಜನವಿಲ್ಲ. ಮಳವಳ್ಳಿಯ ರೈತ ಕನ್ನಡದಲ್ಲಿ ಓದುವ ಅಂಕಿಯೂ ತಿರುವಾರೂರಿನ ರೈತ ತಮಿಳಿನಲ್ಲಿ ಓದುವ ಅಂಕಿಯೂ ಒಂದೇ ದಿನ, ಒಂದೇ ಆಗಿ ಪ್ರಕಟವಾಗಬೇಕು. ಪುತ್ತೂರಿನ 'ಅಡಿಕೆ ಪತ್ರಿಕೆ' 1988ರಿಂದ ರೈತರ ಕೈಗೆ ಲೇಖನಿ ಕೊಟ್ಟು ರೈತರೇ ರೈತರಿಗೆ ಬರೆಯುವ ದಾರಿಯನ್ನು ತೋರಿಸಿದೆ. ಬಲ್ಲವರು ಹೇಳಿ ಅರಿಯದವರು ಕೇಳುವುದಷ್ಟೇ ಕಲಿಕೆಯಲ್ಲ ಎಂಬುದನ್ನು ನಮ್ಮ ಕರಾವಳಿಯೇ ಮಾಡಿ ತೋರಿಸಿರುವಾಗ ಹೊರಗಿನ ಮಾದರಿಯನ್ನು ಹುಡುಕಬೇಕಾಗಿಲ್ಲ.

ಎರಡನೆಯದು, ಮೇಜಿನ ಸುತ್ತ ಯಾರಿರಬೇಕೆಂಬುದು. ಪ್ರಾಧ್ಯಾಪಕರೊಂದಿಗೆ ನೀರುಗಂಟಿ ಇರಬೇಕು, ಕೊಡಗಿನ ಕಾಫಿ ಬೆಳೆಗಾರ ಇರಬೇಕು, ಬೆಂಗಳೂರಿನ ನೀರು ಬಳಸುವವರ ಪ್ರತಿನಿಧಿ ಇರಬೇಕು, ಮುಖಜಭೂಮಿಯ ಮೀನುಗಾರ ಇರಬೇಕು. ಕೊಡಗಿನ ತೋಟದಲ್ಲಿ ನೆರಳಿನ ಮರ ಉಳಿಯುವುದಕ್ಕೂ ತಂಜಾವೂರಿನ ಗದ್ದೆಗೆ ನೀರು ತಲುಪುವುದಕ್ಕೂ ಇರುವ ಸಂಬಂಧ ಇವರೆಲ್ಲ ಒಟ್ಟಿಗೆ ಕುಳಿತಾಗಲಷ್ಟೇ ಕಣ್ಣಿಗೆ ಬೀಳುತ್ತದೆ.

ಮೂರನೆಯದು, ಕಾಲ. ಬರದ ವರ್ಷ ಯಾರೂ ಕಲಿಯುವುದಿಲ್ಲ, ಎಲ್ಲರೂ ಕಾದಾಡುತ್ತಾರೆ. 2025ರಲ್ಲಿ ಕೃಷ್ಣರಾಜಸಾಗರ ಜೂನ್ ತಿಂಗಳಲ್ಲೇ ತುಂಬಿ ಬಾಗಿನ ಪಡೆಯಿತು. ಅಂಥ ವರ್ಷಗಳಲ್ಲಿ ಕಾವೇರಿಯ ಹೆಸರೇ ಸುದ್ದಿಯಿಂದ ಮಾಯವಾಗುತ್ತದೆ; ಜಲಾಶಯ ತುಂಬಿದ ಚಿತ್ರ ಹಂಚಿಕೊಂಡು ನಾವು ಮರೆತುಬಿಡುತ್ತೇವೆ. ಸಂಕಷ್ಟ ಸೂತ್ರವನ್ನು ಕುರಿತು ತಾಳ್ಮೆಯಿಂದ ಮಾತನಾಡಲು ತುಂಬಿದ ಜಲಾಶಯಕ್ಕಿಂತ ಒಳ್ಳೆಯ ಜಾಗವಿಲ್ಲ. ಬಹರೈನ್ ತನ್ನ ಬುಗ್ಗೆಗಳು ಉಕ್ಕುತ್ತಿದ್ದಾಗ ಕುಳಿತು ಲೆಕ್ಕ ಹಾಕಲಿಲ್ಲ. ಹಾಕುವ ಹೊತ್ತಿಗೆ ಉಳಿದದ್ದು ಲೆಕ್ಕ ಮಾತ್ರ.

ಈ ಮಾತು ರಾಜ್ಯ ರಾಜ್ಯಗಳ ನಡುವಣದಷ್ಟೇ ಎಂದು ಭಾವಿಸಬೇಕಿಲ್ಲ. ಬಹರೈನಿನ ಕನ್ನಡಿಗರಲ್ಲಿ ಕರಾವಳಿಯವರೇ ಹೆಚ್ಚು. ತುಳು, ಬ್ಯಾರಿ, ಕೊಂಕಣಿ, ಕುಂದಗನ್ನಡ ಎಲ್ಲ ಇಲ್ಲಿ ಕಿವಿಗೆ ಬೀಳುತ್ತವೆ. ನೇತ್ರಾವತಿಯ ಮೇಲ್ಭಾಗದ ಹಳ್ಳಗಳ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮಾತೆತ್ತಿದರೆ ಮಂಗಳೂರಿನವರ ಮುಖ ಒಂದು ಬಗೆಯಾಗುತ್ತದೆ, ಕೋಲಾರದವರ ಮುಖ ಇನ್ನೊಂದು ಬಗೆಯಾಗುತ್ತದೆ. ಯೋಜನೆ ಹೇಳುವುದು 24.01 ಟಿಎಂಸಿ, ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡ ಅಂದಾಜು ಮಾಡಿದ್ದು ಅದರ ಅರ್ಧಕ್ಕಿಂತಲೂ ಕಡಿಮೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯೂ ಆಯಿತು. ಒಂದೇ ರಾಜ್ಯದ, ಒಂದೇ ಭಾಷೆಯ ಜನರಿಗೂ ಒಪ್ಪಿತವಾದ ಒಂದು ಅಂಕಿ ಇಲ್ಲ. ಕೋಲಾರದ ಬಾಯಾರಿಕೆ ಸುಳ್ಳಲ್ಲ, ನೇತ್ರಾವತಿಯ ಕುರಿತ ಆತಂಕವೂ ಸುಳ್ಳಲ್ಲ. ಇವೆರಡೂ ಒಂದೇ ಕೋಣೆಯಲ್ಲಿ ಕುಳಿತು ಹಳ್ಳದ ಹರಿವನ್ನು ಅಳೆದು ನೋಡಲಿಲ್ಲವೆಂಬುದು ನಮ್ಮ ಕೊರತೆ.

ಕೋಲಾರಕ್ಕೆ 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರು ಕೆರೆಗಳಿಗೆ ಹರಿಯುತ್ತಿದೆ. ಎರಡನೆಯ ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂಬುದು ಅಲ್ಲಿನ ರೈತರ ಒತ್ತಾಯ. ಇಲ್ಲಿ ತೂಬ್ಲಿಯ ಸ್ಥಾವರದಲ್ಲಿ ಮೂರನೆಯ ಹಂತದವರೆಗೆ ಶುದ್ಧೀಕರಿಸಿದ ನೀರನ್ನು ತೋಟಗಳಿಗೂ ರಸ್ತೆಬದಿಯ ಹಸಿರಿಗೂ ದಶಕಗಳಿಂದ ಬಳಸುತ್ತ ಬಂದಿದ್ದಾರೆ. ಇಂಥ ಸ್ಥಾವರಗಳಲ್ಲಿ ದುಡಿಯುವ ಎಂಜಿನಿಯರುಗಳು, ತಂತ್ರಜ್ಞರು, ಪ್ರಯೋಗಾಲಯದ ಕೆಲಸಗಾರರು ಕೊಲ್ಲಿ ನಾಡುಗಳಲ್ಲಿ ನಮ್ಮವರೇ ಎಷ್ಟೋ ಮಂದಿ ಇದ್ದಾರೆ. ಇವರು ಊರಿಗೆ ಹಣ ಕಳುಹಿಸುತ್ತಾರೆ, ದೇವಸ್ಥಾನದ ಬ್ರಹ್ಮಕಲಶಕ್ಕೆ ದೇಣಿಗೆ ಕೊಡುತ್ತಾರೆ. ಇವರ ತಿಳಿವಳಿಕೆಯನ್ನು ಊರು ಎಂದಾದರೂ ಕೇಳಿದೆಯೇ? ಕೇಳುವ ಮೊದಲು ಕೊಡಲು ನಾವಾದರೂ ಮುಂದಾಗಿದ್ದೇವೆಯೇ?

ಇಲ್ಲಿನ ಕನ್ನಡ ಸಂಘ ದಶಕಗಳಿಂದ ಭಾಷೆಯನ್ನೂ ಕಲೆಯನ್ನೂ ಕಾಯ್ದುಕೊಂಡು ಬಂದಿದೆ. ರಾಜ್ಯೋತ್ಸವ, ಯಕ್ಷಗಾನ, ನಾಟಕ ಎಲ್ಲ ನಡೆಯುತ್ತವೆ. ಅವುಗಳ ಜತೆಗೆ ವರ್ಷಕ್ಕೊಂದು ಸಂಜೆಯನ್ನು ನೀರಿಗೆಂದು ಇಡಬಾರದೇಕೆ? ತಮಿಳರ ಸಂಘದವರನ್ನೂ ಕರೆದು, ವೇದಿಕೆ ಹಾಕದೆ, ಹಾರ ತುರಾಯಿಗಳಿಲ್ಲದೆ, ಒಂದು ನಕ್ಷೆಯನ್ನು ಮೇಜಿನ ಮೇಲೆ ಹರಡಿ ಕುಳಿತುಕೊಳ್ಳೋಣ. ಕೊಡಗಿನಿಂದ ಪೂಂಪುಹಾರಿನವರೆಗೆ ನದಿ ಹರಿಯುವ ದಾರಿಯಲ್ಲಿ ತನ್ನ ಊರು ಎಲ್ಲಿದೆ, ತನ್ನ ಮನೆಯ ಗದ್ದೆಗೆ ನೀರು ಯಾವ ತಿಂಗಳು ಬೇಕು ಎಂದು ಒಬ್ಬೊಬ್ಬರೂ ತೋರಿಸಲಿ. ಊರಿನಲ್ಲಿ ಇಂಥ ಸಭೆ ಕರೆಯಲು ಹಿಂಜರಿಕೆಯಿದೆ. ಕರೆದವನನ್ನು ದ್ರೋಹಿಯೆನ್ನುವ ಬಾಯಿಗಳಿವೆ. ಇಲ್ಲಿ ಆ ಭಯವಿಲ್ಲ. ನದಿಯಿಂದ ದೂರವಿರುವುದು ನಮಗೆ ಕೊಟ್ಟಿರುವ ಒಂದೇ ಸೌಲಭ್ಯ ಅದು, ಅದನ್ನು ವ್ಯರ್ಥ ಮಾಡಬಾರದು. ಇನ್ನೊಂದು ಸಣ್ಣ ವ್ರತವೂ ಸಾಧ್ಯ: ಮುಂದಿನ ಬರದಲ್ಲಿ ಫೋನಿಗೆ ಬಂದ ವಿಡಿಯೋವನ್ನು ಮುಂದೆ ತಳ್ಳುವ ಮೊದಲು ಅಂದಿನ ಜಲಾಶಯಗಳ ಮಟ್ಟವನ್ನು ಎರಡೂ ಕಡೆಯದು ನೋಡಿಕೊಳ್ಳುವುದು.

ಮಳೆ ಮತ್ತೊಮ್ಮೆ ಕೈಕೊಡುತ್ತದೆ, ಅದರಲ್ಲಿ ಸಂದೇಹವಿಲ್ಲ. 2002, 2012, 2016, 2023 ಎಂದು ಸಾಗಿ ಬಂದ ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಆ ವರ್ಷ ಬಂದಾಗ ಬೆಂಗಳೂರಿನ ರಸ್ತೆಯಲ್ಲಿ ಬಸ್ಸು ಉರಿಯಬೇಕೇ ಬೇಡವೇ ಎಂಬುದು ಈ ನಡುವಣ ಒಳ್ಳೆಯ ವರ್ಷಗಳಲ್ಲಿ ನಾವು ಏನನ್ನು ಕಲಿತೆವು, ಯಾರೊಂದಿಗೆ ಕುಳಿತು ಕಲಿತೆವು ಎಂಬುದರಿಂದ ನಿಶ್ಚಯವಾಗುತ್ತದೆ.

ಕೆಲವೊಮ್ಮೆ ಸಂಜೆ ಅಧಾರಿಯ ಪಕ್ಕದಲ್ಲಿ ಹಾದುಹೋಗುವಾಗ ಉದ್ಯಾನದ ದೀಪಗಳು, ತಿರುಗುವ ತೊಟ್ಟಿಲು, ಮಕ್ಕಳ ಕೇಕೆ ಎಲ್ಲವೂ ಕಾಣಿಸುತ್ತವೆ, ಕೇಳಿಸುತ್ತವೆ. ಅಲ್ಲಿ ಆಡುವ ಮಕ್ಕಳಲ್ಲಿ ಕೆಲವರಿಗಾದರೂ ಅಜ್ಜಿಯರು ಆ ಗಾದೆಯನ್ನು ಹೇಳಿರುತ್ತಾರೆ. ಹರಿಯುವ ನೀರನ್ನು ಅವರು ಅಲ್ಲಿ ನೋಡಿಲ್ಲ. ಮಳವಳ್ಳಿಯ ಆ ಮನೆಯ ಮಗುವಿಗೂ ತಿರುವಾರೂರಿನ ಆ ಮನೆಯ ಮಗುವಿಗೂ ಕಾವೇರಿ ಗಾದೆಯಾಗಿ ಅಲ್ಲ, ನದಿಯಾಗಿಯೇ ದೊರೆಯಲಿ.